ಎಲೆತೋಟದ ಬಾಗಿಲಲ್ಲಿ ಬಿಟ್ಟ ಬೂಟು

ಶನಿವಾರ ಬೆಳಿಗ್ಗೆ ನಾನು ಅಂಗಡಿಯ ಶೆಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ನುಜಹತ ಅದರಡಿಯಿಂದ ಬಗ್ಗಿ ಒಳಗೆ ಬಂದಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದವು. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

"ಮಹಾಂತೇಶಣ್ಣ, ಅಕ್ಕಾರು ಮ್ಯಾಲೆ ಅದಾರಿಲ್ಲ? ನಿನ್ನೆ ನಮ್ಮ ತ್ವಾಟದಾಗ ಆ ಸಾಹೇಬ್ರ ಹೆಣ ಬಿದ್ದಿತ್ತು. ನಮ್ಮನಿಯವ್ರನ್ನ ಹಿಡಕೊಂಡು ಹೋಗ್ಯಾರ."

ಅಕ್ಕಾರು ಎಂದರೆ ನೀಲಾಂಬಿಕಾ. ಮೂವತ್ತೆರಡು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು, ಸವಣೂರಿನಲ್ಲಿ ನನ್ನ ಅಂಗಡಿಯ ಮಾಳಿಗೆ ಮೇಲೆ ಬಾಡಿಗೆಗಿದ್ದಾರೆ. ಗಾಯ ನೋಡಿ ನೋಡಿ ಅವರಿಗೆ ಮನುಷ್ಯರ ಸುಳ್ಳೂ ಕಾಣಿಸತೊಡಗಿತ್ತು. ಅದಕ್ಕೇ ಊರಲ್ಲಿ ಏನಾದರೂ ಗೋಜಲಾದರೆ ಜನ ಠಾಣೆಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಾರೆ. ನಾನು ಅವರ ಹಿಂದೆ ಚೀಲ ಹಿಡಿದು ಓಡಾಡುವವನು. ಊರವರು ನನ್ನನ್ನು ಅಕ್ಕಾರ ಬಾಲ ಎನ್ನುತ್ತಾರೆ. ಅಂದುಕೊಳ್ಳಲಿ, ನನಗೇನೂ ಬೇಸರವಿಲ್ಲ. ಉಳಿದ ಹೊತ್ತು ಝೆರಾಕ್ಸ್ ತೆಗೆಯುತ್ತೇನೆ, ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕಳಿಸುತ್ತೇನೆ.

ನುಜಹತಳ ಅರ್ಜಿಯನ್ನೂ ಕಳಿಸಿದವನು ನಾನೇ. ಪರಿಸರ ಕೆಡಿಸದ ಪ್ರವಾಸೋದ್ಯಮಕ್ಕೆ ಅನುದಾನ ಕೊಡುವ ಸರಕಾರಿ ಯೋಜನೆ ಅದು, ತಾಲೂಕಿಗೆ ಒಬ್ಬರಿಗೆ ಮಾತ್ರ. ಅಪ್ಪ ಗೌಸಸಾಬ ಬಿಟ್ಟುಹೋದ ವೀಳ್ಯದ ಎಲೆತೋಟದ ಪಕ್ಕ ಮಣ್ಣಿನ ಗೋಡೆಯ ಎರಡು ಕೋಣೆ ಕಟ್ಟಬೇಕು, ಬಂದವರಿಗೆ ಬೆಳಿಗ್ಗೆ ಎಲೆ ಕೀಳುವವರ ಜೊತೆ ತೋಟ ತೋರಿಸಬೇಕು, ಸವಣೂರಿನ ಖಾರಾ ತಿನ್ನಿಸಬೇಕು, ಬಂಕಾಪುರದ ನವಿಲು ನೋಡಲು ಕರೆದೊಯ್ಯಬೇಕು ಎಂದು ಅವಳ ಆಸೆ. ನಾಲ್ಕು ದಿನ ನನ್ನ ಅಂಗಡಿಯಲ್ಲಿ ಕೂತು ಇಪ್ಪತ್ತು ಪುಟ ಬರೆಸಿದ್ದಳು. ತೋಟಕ್ಕೆ ಔಷಧವೇ ಮುಟ್ಟಿಸಿಲ್ಲ, ಬರೀ ಗೊಬ್ಬರ, ಬೇವಿನ ಹಿಂಡಿ ಎಂದು ಅದರಲ್ಲಿ ಮೂರು ಕಡೆ ಹೇಳಿದ್ದಳು. ಓಣಿಯಾಚೆ ಎದುರು ತೋಟದ ಗುದ್ಲೆಪ್ಪನಿಗೂ ಅರ್ಜಿ ಹಾಕಲು ಹೇಳಿದವಳು ಅವಳೇ. ಗೌಸಸಾಬ ತೀರಿಕೊಂಡ ಮೇಲೆ ಅವಳಿಗೆ ಬಳ್ಳಿ ಕಟ್ಟುವುದನ್ನು ಕಲಿಸಿದವನು ಗುದ್ಲೆಪ್ಪ. ಅವಳ ಬಾಯಲ್ಲಿ ಅವನು ಕಾಕಾ. ಯಾರಿಗೆ ಸಿಕ್ಕರೂ ಬಂದವರು ಎರಡೂ ತೋಟ ನೋಡುತ್ತಾರೆ ಎಂದು ಅವಳು ಹೇಳಿದ ಮೇಲೆ, ಅವನು ಕೊನೆಯ ದಿನ ಮುಗಿಯುವ ಹೊತ್ತಿಗೆ ಬಟನ್ ಫೋನು ಹಿಡಿದು ನನ್ನ ಅಂಗಡಿಗೆ ಬಂದಿದ್ದ.

ಸತ್ತವನು ಅಂಬರೀಶ, ಈ ಅರ್ಜಿಗಳನ್ನು ಸ್ಥಳದಲ್ಲಿ ಪರಿಶೀಲಿಸಲು ಬಂದ ಅಧಿಕಾರಿ. ಗುರುವಾರ ನುಜಹತಳ ತೋಟಕ್ಕೆ ಬಂದಾಗಲೇ ಜಗಳವಾಗಿತ್ತು. ನಮ್ಮ ಕಡೆ ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ. ಹಿಂದೂ ಇರಲಿ, ಮುಸಲ್ಮಾನ ಇರಲಿ, ಬಾಗಿಲಲ್ಲಿ ಬಿಟ್ಟೇ ಒಳಗೆ ಹೋಗಬೇಕು. ಅಂಬರೀಶ ಬೂಟು ಬಿಚ್ಚುವುದಿಲ್ಲ ಎಂದ, ಬೇಲಿಯಾಚೆಯಿಂದಲೇ ನೋಡಿ ಹೋದ. ನುಜಹತಳ ಗಂಡ ಅಫ್ಜಲನಿಗೆ ಸಿಟ್ಟು ಬಂದು, ಬೂಟುಗಾಲಲ್ಲಿ ಒಳಗೆ ಬಂದರೆ ನೆಟ್ಟಗಿರುವುದಿಲ್ಲ ಎಂದು ಹತ್ತು ಜನರ ಎದುರು ಕೂಗಾಡಿದ್ದ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ತೋಟಕ್ಕೆ ಮರಳಿದ ಕೆಲಸದವರು ಹೆಣ ನೋಡಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಬೂಟುಗಳು ತೋಟದ ಬಾಗಿಲಲ್ಲಿ ಜೋಡಿಸಿ ಇಟ್ಟಂತಿದ್ದವು. ಅಫ್ಜಲ ಆ ಹೊತ್ತಿಗೆ ಮಸೀದಿಯಲ್ಲಿ ಇರಲಿಲ್ಲ. ಬರುವ ಅತಿಥಿಗಳಿಗಾಗಿ ರೈಲಿನ ವೇಳೆ ಬರೆದುಕೊಂಡು ಬರಲು ಯಲವಿಗಿ ಸ್ಟೇಷನ್ನಿಗೆ ಹೋಗಿದ್ದೆ ಎಂದ. ಅಲ್ಲಿ ಅವನನ್ನು ನೋಡಿದವರು ಯಾರೂ ಸಿಗಲಿಲ್ಲ.

ಅಕ್ಕಾರು ಎಲ್ಲವನ್ನೂ ಕೇಳಿ, ಆ ಸಾಹೇಬ ನೋಡಲು ಬಂದಿದ್ದ ಅರ್ಜಿಗಳನ್ನು ಕೊಡು ಎಂದು ನನ್ನ ಕಡೆ ಕೈ ಚಾಚಿದರು. ನಾನು ನುಜಹತಳ ಅರ್ಜಿಯ ಪ್ರತಿ ಮಾತ್ರ ಕೊಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಚಪ್ಪಲಿ ಮೆಟ್ಟಿ ಹೊರಟರು.

ಠಾಣೆಯಲ್ಲಿ ಪಿಎಸ್‌ಐ ಎದ್ದು ಕುರ್ಚಿ ಕೊಟ್ಟ. ಅವನ ತಾಯಿಗೆ ಆರು ತಿಂಗಳು ಇಂಜೆಕ್ಷನ್ ಕೊಟ್ಟವರು ಇವರು. ಬೂಟು ಬಾಗಿಲಲ್ಲಿರುವುದೇ ದೊಡ್ಡ ಸಾಕ್ಷಿ ಎಂದು ಅವನ ವಾದ. ಅಫ್ಜಲ ಒತ್ತಾಯ ಮಾಡಿ ಬಿಚ್ಚಿಸಿ ಒಳಗೆ ಕರೆದೊಯ್ದಿದ್ದಾನೆ, ಮಾತಿಗೆ ಮಾತು ಬೆಳೆದು ಹೊಡೆದಿದ್ದಾನೆ. ಅಕ್ಕಾರು ಹೆಣದ ಫೋಟೋ ಕೇಳಿದರು. ಅಂಬರೀಶ ಎರಡು ಸಾಲು ಬಳ್ಳಿಯ ನಡುವೆ ಬೋರಲಾಗಿ ಬಿದ್ದಿದ್ದ, ಕಾಲಲ್ಲಿ ಬಿಳಿ ಕಾಲುಚೀಲವಿತ್ತು. ಅವರು ಆ ಕಾಲುಗಳನ್ನೇ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಬಲಗಾಲಿಗೆ ಪಟ್ಟಿ ಐತೇನು?"

"ಇದೆ. ಹಿಮ್ಮಡಿಗೆ ಹಳೇ ಹುಣ್ಣು ಅಂತ ಡಾಕ್ಟ್ರು ಬರ್ದಿದಾರೆ. ಸಕ್ಕರೆ ಕಾಯಿಲೆ ಇತ್ತಂತೆ."

ಬೂಟುಗಳನ್ನೂ ತರಿಸಿದರು. ಅಟ್ಟೆಯ ಗೀರುಗಳಲ್ಲಿ ಮಣ್ಣು ಮೆತ್ತಿತ್ತು, ಮಣ್ಣಿನ ನಡುವೆ ಅಲ್ಲಲ್ಲಿ ತಿಳಿ ನೀಲಿ ಬಣ್ಣ. ಪಿಎಸ್‌ಐಗೆ ಅದನ್ನು ತೋರಿಸಿ, ಹುಷಾರಾಗಿ ಎತ್ತಿಡು ಎಂದಷ್ಟೇ ಹೇಳಿದರು.

ಅಲ್ಲಿಂದ ತೋಟಕ್ಕೆ ಹೋದೆವು. ಎಲೆ ಕೀಳುವವರ ಮುಂದಾಳು ನಾಸೀರ ಬಾಗಿಲಲ್ಲೇ ಎದುರಾದ. ಊರು ನೋಡಲು ಬರುವ ಜನ ತೋಟದಲ್ಲಿ ಅಡ್ಡಾಡುವುದು ಅವನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ, ಹೆಣ ಮೊದಲು ಕಂಡವನೂ ಅವನೇ. ನನಗೆ ಅವನ ಮೇಲೇ ಗುಮಾನಿ. ಆದರೆ ಶುಕ್ರವಾರ ಅವನು ಮಸೀದಿಯಲ್ಲಿ ಮೊದಲ ಸಾಲಿನಲ್ಲಿದ್ದ, ನಲವತ್ತು ಜನ ನೋಡಿದ್ದರು. ತೋಟಕ್ಕೆ ಶುಕ್ರವಾರ ಬೆಳಿಗ್ಗೆಯೇ ನೀರು ಬಿಟ್ಟಿದ್ದರಂತೆ. ಹೆಣ ಬಿದ್ದಿದ್ದ ಕಡೆ ಇನ್ನೂ ಕೆಸರು, ನಮ್ಮ ಪಾದ ಕಣಕಾಲಿನವರೆಗೂ ಹೂತವು.

ಹೊರಗೆ ಬಂದಾಗ ಗುದ್ಲೆಪ್ಪ ಓಣಿಯಲ್ಲಿ ನಿಂತಿದ್ದ. ಒಂದೇ ದಿನಕ್ಕೆ ಮುಖ ಇಳಿದುಹೋಗಿತ್ತು. ಅವನ ಧೋತರದ ಅಂಚಿಗೆ ನೀಲಿ ಹತ್ತಿತ್ತು, ಹೆಂಡತಿ ಬಟ್ಟೆಗೆ ನೀಲಿ ಹಾಕುವಾಗ ಕೈ ಜಾರಿರಬೇಕು ಎಂದುಕೊಂಡೆ. ನಿಮ್ಮ ತೋಟ ಹೇಗಿದೆ ಎಂದು ಅಕ್ಕಾರು ಕೇಳಿದ್ದಕ್ಕೆ ಚಲೋ ಐತ್ರಿ ಎಂದ. ನೋಡಬಹುದೇ ಎಂದಾಗ, ಇವತ್ತು ಬ್ಯಾಡ್ರಿ ಎಂದು ತಲೆ ತಗ್ಗಿಸಿದ. ನುಜಹತ ಅವನ ಕೈ ಹಿಡಿದು ಅತ್ತಳು, ಅವನೂ ಅತ್ತ.

ಸೋಮವಾರ ಬೆಳಿಗ್ಗೆ ಅಕ್ಕಾರು ಎಲ್ಲರನ್ನೂ ನುಜಹತಳ ತೋಟದ ಬಾಗಿಲಿಗೆ ಬರಹೇಳಿದರು. ಪಿಎಸ್‌ಐ ಜೀಪಿನಲ್ಲಿ ಅಫ್ಜಲನನ್ನು ಕರೆತಂದಿದ್ದ. ಮೂರು ದಿನಕ್ಕೆ ಅಫ್ಜಲ ಸೊರಗಿ ಹೋಗಿದ್ದ. ನಾಸೀರ, ಗುದ್ಲೆಪ್ಪ, ಅವನ ಹೆಂಡತಿ ಉಡಚವ್ವ, ನುಜಹತ, ನಾನು ಸುತ್ತ ನಿಂತೆವು. ಒಳಗೆ ನಡೆಯಿರಿ ಎಂದು ಅಕ್ಕಾರು ಹೇಳಿದ್ದೇ ತಡ, ನಾವೆಲ್ಲ ಚಪ್ಪಲಿ ಬಿಟ್ಟೆವು. ಪಿಎಸ್‌ಐ ಮಾತ್ರ ಬೂಟು ಹಾಕಿಕೊಂಡೇ ಮುಂದೆ ಬಂದ, ಆಮೇಲೆ ನಮ್ಮ ಮುಖ ನೋಡಿ ನಿಂತ. ಅವನು ತುಮಕೂರಿನ ಕಡೆಯವನು.

ಅಕ್ಕಾರು ಅಲ್ಲಿಂದಲೇ ಮಾತು ತೆಗೆದರು. ಸಕ್ಕರೆ ಕಾಯಿಲೆಯವನಿಗೆ ಕಾಲಲ್ಲಿ ಹುಣ್ಣಾದರೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡ ಎಂದು ನಾವೇ ಹೇಳಿ ಕಳಿಸುತ್ತೇವೆ. ಅಂಬರೀಶ ಗುರುವಾರ ಬೂಟು ಬಿಚ್ಚದಿದ್ದದ್ದು ಸೊಕ್ಕಿನಿಂದಲ್ಲ, ಹೆದರಿಕೆಯಿಂದ. ಅಂಥವನು ಶುಕ್ರವಾರ ಬಿಚ್ಚಿದ ಎಂದರೆ ನಂಬುವುದು ಹೇಗೆ? ಬಿಚ್ಚಿದನೇ ಎಂದುಕೊಳ್ಳಿ. ನೀರು ಬಿಟ್ಟ ಕೆಸರಿಗೆ ಇಳಿಯುವವನು ಬೂಟು ತೆಗೆದು ಕಾಲುಚೀಲ ಉಳಿಸಿಕೊಳ್ಳುತ್ತಾನೆಯೇ? ಉಳಿಸಿಕೊಂಡರೂ ಅದರ ಅಡಿ ಕೆಸರಾಗಬೇಕಿತ್ತು. ಫೋಟೋದಲ್ಲಿ ಕಾಲುಚೀಲದ ಅಡಿ ಬೆಳ್ಳಗಿದೆ. ಅವನು ಇಲ್ಲಿಗೆ ನಡೆದು ಬಂದಿಲ್ಲ. ಸತ್ತ ಮೇಲೆ ಯಾರೋ ಹೊತ್ತು ತಂದಿದ್ದಾರೆ, ಬೂಟನ್ನು ಅವರೇ ಬಿಚ್ಚಿದ್ದಾರೆ.

"ಹೊರಗಿನವ ಆಗಿದ್ರ ಬೂಟಿನ ಸುದ್ದಿಗೇ ಹೋಗ್ತಿರಲಿಲ್ಲ, ಹಂಗ ತಂದು ಒಗದು ಓಡತಿದ್ದ. ಹೆಣ ಹೊತ್ತಾಗೂ ಬಾಗಲದಾಗ ನಿಂತು ಬೂಟು ಬಿಚ್ಚಿದವ ಎಲಿತ್ವಾಟದವನ. ಅವನ ಕೈ ಅವನ್ನ ಕೇಳಲಿಲ್ಲ, ರೂಢಿ ಇದ್ದಂಗ ಮಾಡಿಬಿಟ್ಟಾವ."

ಅಫ್ಜಲನೂ ಎಲೆತೋಟದವನೇ ಅಲ್ಲವೇ ಎಂದು ಪಿಎಸ್‌ಐ ಕೇಳಿದ. ಅದಕ್ಕೆ ಅವರು ಬೂಟಿನ ಅಟ್ಟೆ ತೋರಿಸಿದರು. ಆ ನೀಲಿ ಮೈಲುತುತ್ತದ್ದು. ಬಳ್ಳಿಯ ಬುಡ ಕೊಳೆಯತೊಡಗಿದರೆ ಅದನ್ನು ಸುಣ್ಣದ ಜೊತೆ ಕಲಸಿ ಬುಡಕ್ಕೆ ಹೊಯ್ಯುತ್ತಾರೆ. ಈ ತೋಟಕ್ಕೆ ಅದು ಬಂದೇ ಇಲ್ಲ. ಅಂಬರೀಶ ಬೂಟು ಹಾಕಿಕೊಂಡೇ ಬೇರೊಂದು ತೋಟದಲ್ಲಿ ಓಡಾಡಿದ್ದ, ಬುಡಕೊಳೆ ಬಿದ್ದ ತೋಟದಲ್ಲಿ. ಎಲ್ಲರೂ ನಮಾಜಿಗೆ ಹೋದಾಗ ಹೆಣ ಹೊತ್ತು ದಾಟಬಹುದಾದಷ್ಟು ಹತ್ತಿರದ ತೋಟ ಈ ಓಣಿಯಲ್ಲಿ ಒಂದೇ ಇದೆ.

ಗುದ್ಲೆಪ್ಪ ನೆಲದ ಮೇಲೆ ಕುಳಿತುಬಿಟ್ಟ. ರೋಗ ಬಿದ್ದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ, ಉಡಚವ್ವನನ್ನು ಬಿಟ್ಟು. ನುಜಹತ "ಕಾಕಾ" ಎಂದಳು.

"ಯಾಕ ಹೊಡದಿ ಗುದ್ಲೆಪ್ಪ?" ಎಂದು ಅಕ್ಕಾರು ಮೆಲ್ಲಗೆ ಕೇಳಿದರು.

"ಕಳ್ಳ ಅಂದ್ರು ಆ ಸಾಹೇಬ್ರು. ನುಜಹತನ ತ್ವಾಟದ ಫೋಟೋ ನಂದಂತ ಹಚ್ಚಿ ಸರಕಾರಕ್ಕ ಮೋಸ ಮಾಡೀದಿ ಅಂದ್ರು. ನಾ ಯಾವ ಫೋಟೋನೂ ಹಚ್ಚಿಲ್ಲ ಅಂದೆ. ನನ್ನ ಫೋನಿನ್ಯಾಗ ಫೋಟೋನ ಬರಂಗಿಲ್ರಿ. ಕೇಳಲಿಲ್ಲ. ಕೊಳತ ತ್ವಾಟ ಇಟಗೊಂಡು ರೊಕ್ಕ ಹೊಡಿಯಾಕ ನಿಂತೀಯೇನು, ಜೇಲಿಗೆ ಹಾಕಸ್ತೇನಿ ಅಂತ ಬೂಟಗಾಲಿಂದ ಬಳ್ಳಿ ಬುಡಾ ಒದ್ದು ಹೊಂಟ್ರು. ಕೈಯಾಗ ಸಲಿಕಿ ಇತ್ರಿ."

ಉಡಚವ್ವ ಬುತ್ತಿ ತರುವ ಹೊತ್ತಾಗಿತ್ತು. ಅವಳ ಕಣ್ಣಿಗೆ ಬೀಳಬಾರದೆಂದು ಎದುರಿನ ಖಾಲಿ ತೋಟಕ್ಕೆ ಹೊತ್ತು ಹಾಕಿದೆ, ಅಫ್ಜಲನ ಮೇಲೆ ಬರುತ್ತದೆ ಎಂದು ಆಗ ಹೊಳೆಯಲಿಲ್ಲ ಎಂದ. ಅಕ್ಕಾರ ದನಿ ಗಡುಸಾಯಿತು.

"ಆಗ ಹೊಳಿಲಿಲ್ಲ, ಖರೆ. ಶನಿವಾರ ಈ ಹುಡುಗಿ ನಿನ್ನ ಕೈ ಹಿಡದು ಅಳಾಕತ್ತಿದ್ಲು. ಆಗರ ಹೊಳದಿತ್ತಿಲ್ಲ?"

ಅಕ್ಕಾರು ಪಿಎಸ್‌ಐ ಕೈಯಿಂದ ಎರಡು ಫೈಲು ತೆಗೆದುಕೊಂಡರು. ಅಂಬರೀಶನ ಚೀಲದಲ್ಲಿ ಸಿಕ್ಕಿದ್ದವು. ಎರಡರಲ್ಲೂ ಅವೇ ಎಂಟು ಫೋಟೋ, ಕೆಳಗೆ ಜಾಗದ ಗುರುತಿನ ಅವೇ ಅಂಕಿಗಳು. ಪೆನ್ಸಿಲಿನಲ್ಲಿ ಅವುಗಳ ಸುತ್ತ ಗೆರೆ ಎಳೆದಿತ್ತು.

"ಇವು ಗುದ್ಲೆಪ್ಪನ ಫೈಲಿಗೆ ಹೆಂಗ ಬಂದ್ವು ಅನ್ನೋದನ್ನ ಮಹಾಂತೇಶ ಹೇಳ್ತಾನ," ಎಂದರು.

ನನ್ನ ಕಡೆ ಅವರು ತಿರುಗಲೂ ಇಲ್ಲ. ಅರ್ಜಿಗಳನ್ನು ಕೊಡು ಎಂದಾಗ ನಾನು ಒಂದನ್ನೇ ಕೊಟ್ಟೆನಲ್ಲ, ಅವರಿಗೆ ಅವತ್ತೇ ಗೊತ್ತಾಗಿತ್ತು. ನಾನು ಹೇಳಿದೆ. ಕೊನೆಯ ದಿನ, ಸರ್ವರ್ ತೆವಳುತ್ತಿತ್ತು, ಜಾಗದ ಗುರುತಿರುವ ಎಂಟು ಫೋಟೋ ಇಲ್ಲದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಗುದ್ಲೆಪ್ಪನ ಬಳಿ ಒಂದೂ ಇರಲಿಲ್ಲ. ಅವನನ್ನು ಚಹಾ ಕುಡಿದು ಬಾ ಎಂದು ಕಳಿಸಿ, ನುಜಹತಳ ಫೋಟೋಗಳನ್ನೇ ಏರಿಸಿದೆ. ಎಲೆತೋಟ ಎಲ್ಲ ಒಂದೇ ಥರ ಕಾಣುತ್ತದೆ, ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಉಪಕಾರ ಮಾಡಿದೆ ಎಂದೇ ನನ್ನ ಭಾವನೆಯಿತ್ತು. ಹೆಣ ಬಿದ್ದ ಸುದ್ದಿ ಕೇಳಿದಾಗಲೂ ನನಗೆ ನನ್ನ ಅಂಗಡಿಯದೇ ಚಿಂತೆ.

ಗುದ್ಲೆಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಬೈಯಲಿಲ್ಲ. ತಾನು ಕೊಂದದ್ದು ಯಾರು ಮಾಡಿದ ತಪ್ಪಿಗೆ ಎಂದು ಅವನಿಗೆ ಆಗ ತಿಳಿಯಿತು ಎಂದು ಕಾಣುತ್ತದೆ. ಜೀಪು ಹತ್ತುವಾಗ ಅಫ್ಜಲನೇ ಅವನ ತೋಳಿಗೆ ಕೈ ಕೊಟ್ಟ.

ಅದೇ ದಿನ ನಾನು ಠಾಣೆಗೆ ಹೋಗಿ ಬರೆದುಕೊಟ್ಟೆ. ಅಕ್ಕಾರು ಈಗಲೂ ಮಾಳಿಗೆ ಮೇಲೆಯೇ ಇದ್ದಾರೆ, ಆದರೆ ಚೀಲ ಹಿಡಿಯಲು ನನ್ನನ್ನು ಕರೆಯುವುದಿಲ್ಲ. ಎರಡು ವಾರದ ನಂತರ ಇಲಾಖೆಯಿಂದ ಕಾಗದ ಬಂತು. ಎರಡರಲ್ಲೂ ಅವೇ ಫೋಟೋಗಳು ಇರುವ ಕಾರಣಕ್ಕೆ ಎರಡೂ ಅರ್ಜಿಗಳನ್ನು ತಿರಸ್ಕರಿಸಿದ್ದರು. ನುಜಹತ ತನ್ನ ಕಾಗದಪತ್ರ ವಾಪಸು ಒಯ್ಯಲು ಬಂದಳು. ನಾನು ಫೈಲು ಹುಡುಕುವವರೆಗೂ ಹೊರಗೆ ಕಟ್ಟೆಯ ಮೇಲೆ ನಿಂತೇ ಇದ್ದಳು.

"ಮಹಾಂತೇಶಣ್ಣ, ಅವತ್ತು ನನಗ ಒಂದು ಫೋನ್ ಹಚ್ಚಿದ್ರ ಸಾಕಿತ್ತು," ಎಂದಳು. "ಕಾಕಾನ ತ್ವಾಟಕ್ಕ ಓಡಿ ಹೋಗಿ ನಾನ ತಗದು ಕಳಸ್ತಿದ್ದೆ. ಎಂಟು ಫೋಟೋಕ್ಕ ಹತ್ತು ನಿಮಿಷ ಹಿಡೀತಿರಲಿಲ್ಲ."