ರಿಜಿಸ್ಟರ್‌ನಲ್ಲಿ ಬರೆಯದ ನಡಿಗೆಗಳು

ಅವನು ನನ್ನ ಮೇಜಿನ ಮುಂದೆ ಬಂದು ನಿಂತಾಗ ಮಧ್ಯಾಹ್ನ ಹನ್ನೆರಡು ಗಂಟೆ. ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು. ಆದರೂ ಅವನ ಸೊಂಟದಲ್ಲಿ ಮೊಳದುದ್ದದ ಟಾರ್ಚ್ ನೇತಾಡುತ್ತಿತ್ತು.

"'ವಾರದ ಓಲೆ' ಬರೆಯೋದು ನೀವೇನಾ?"

"ಹೌದು," ಅಂದೆ, ಸ್ವಲ್ಪ ಬೀಗಿಯೇ. ಹೊಗಳಲು ಬಂದಿದ್ದಾನೆ ಅಂದುಕೊಂಡಿದ್ದೆ.

ನಮ್ಮ ಯೂನಿವರ್ಸಿಟಿಯಲ್ಲಿ ಪ್ರತಿ ಸೋಮವಾರ ಎರಡು ಪುಟದ ಓಲೆಯೊಂದು ಎಲ್ಲರ ಕೈಸೇರುತ್ತದೆ. ಕಣ್ಣಿನ ಉಚಿತ ತಪಾಸಣೆ ಯಾವತ್ತು, ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಲ್ಯಾಬಿನಲ್ಲಿ ಚಪ್ಪಲಿ ಯಾಕೆ ಹಾಕಬಾರದು, ಈಜು ಕಲಿಯುವವರು ಎಲ್ಲಿ ಹೆಸರು ಕೊಡಬೇಕು, ಎಲ್ಲ ಅದರಲ್ಲಿ. ಒಣಗಿದ ಕಡ್ಡಿಯಂತೆ ಬರುವ ಆ ಸೂಚನೆಗಳಿಗೆ ಎಲೆ, ಹೂವು ಮೂಡಿಸುವುದು ನನ್ನ ಕೆಲಸ. ಅಜ್ಜಿಯ ಕತೆ ಕೇಳಿ ಬೆಳೆದವಳು ನಾನು. ಅಗ್ನಿಶಾಮಕ ಸಿಲಿಂಡರ್ ಬಗ್ಗೆ ಬರೆಯಲು ಕೂತರೂ "ಒಂದಾನೊಂದು ಕಾಲದಲ್ಲಿ" ಎಂದೇ ಕೈ ಓಡುತ್ತದೆ.

ಅವನು ಆ ವಾರದ ಓಲೆಯನ್ನು ಮೇಜಿನ ಮೇಲೆ ಹರವಿ, ಪಾಠ ಒಪ್ಪಿಸುವವನಂತೆ ಓದಿದ.

"'ಸಂಜೆ ಇಳಿದು ದಾರಿ ಮಸುಕಾದಾಗ ನಿಮ್ಮ ಹೆಜ್ಜೆಗೆ ಇನ್ನೊಂದು ಹೆಜ್ಜೆ ಜೊತೆಯಾಗಲಿದೆ.' ಚೆನ್ನಾಗಿದೆ ಮೇಡಂ. ಆದ್ರೆ ಆ ಇನ್ನೊಂದು ಹೆಜ್ಜೆ ಬೇಕು ಅಂದ್ರೆ ಯಾವ ನಂಬರ್‌ಗೆ ಫೋನ್ ಮಾಡ್ಬೇಕು?"

ಕೊನೆಯ ಸಾಲಿಗೆ ಪುಟದಲ್ಲಿ ಜಾಗ ಸಾಲದೆ ಹೋಗಿತ್ತು. 'ಜೊತೆಯಾಗಲಿದೆ' ಎಂಬಲ್ಲಿ ನಿಂತರೆ ಸೊಗಸಾಗಿರುತ್ತದೆ ಅನ್ನಿಸಿತ್ತು. ಆ ಕೊನೆಯ ಸಾಲಿನಲ್ಲೇ ನಂಬರ್ ಇತ್ತು.

"ತೆಗೆದುಬಿಟ್ಟೆ," ಅಂದೆ ಸಣ್ಣ ದನಿಯಲ್ಲಿ.

ಅವನು ರೇಗಲಿಲ್ಲ. ರೇಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಎರಡು ವರ್ಷ ಕಮಿಟಿ ಹಿಂದೆ ಓಡಾಡಿ ಒಪ್ಪಿಸಿದ್ದು ಇದನ್ನ. ಕತ್ತಲಾದ ಮೇಲೆ ಒಬ್ಬರೇ ನಡೆಯೋಕೆ ಅಳುಕು ಅನ್ನೋರು ಫೋನ್ ಮಾಡ್ಬೇಕು, ಸೆಕ್ಯೂರಿಟಿಯಿಂದ ಒಬ್ಬರು ಹಿಂದಿನ ಗೇಟ್‌ವರೆಗೂ ಜೊತೆಗೆ ಹೋಗ್ಬೇಕು. ಒಂದೇ ತಿಂಗಳ ಪ್ರಯೋಗ. ಮೂವತ್ತು ನಡಿಗೆ ಆಗದೇ ಇದ್ರೆ ನಿಲ್ಲಿಸ್ತಾರೆ."

"ಇಲ್ಲೀವರೆಗೂ ಎಷ್ಟಾಗಿದೆ?"

"ಒಂದು ವಾರ ಆಗಿದೆ," ಅಂದ. ಅಷ್ಟೇ ಹೇಳಿ, ಹೊರಗಿನ ಬಿಸಿಲಿಗೆ ಟಾರ್ಚ್ ತೂಗಾಡಿಸುತ್ತ ಹೋದ.

ಅವನು ಕ್ಯಾಂಪಸ್ಸಿನ ಸೇಫ್ಟಿ ಆಫೀಸರ್ ಎಂದು ಆಮೇಲೆ ಓಲೆಯ ಉಸ್ತುವಾರಿ ನೋಡುವ ನಮ್ಮ ಮೇಡಂ ಹೇಳಿದರು. ಹುಡುಗರು 'ಟಾರ್ಚ್ ಸಾರ್' ಎಂದು ಕರೆಯುತ್ತಾರಂತೆ.

ಮುಂದಿನ ಓಲೆಯ ಮೂಲೆಯಲ್ಲಿ ನಂಬರ್ ಹಾಕಿ ತಿದ್ದುಪಡಿ ಕೊಟ್ಟೆ. ಮನಸ್ಸು ಮಾತ್ರ ಹಗುರಾಗಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ.

"ತಪ್ಪು ಮಾಡಿದ ರಾಜಕುಮಾರಿ ಕತೇಲಿ ಏನ್ ಮಾಡ್ತಾಳೆ ಅಜ್ಜಿ?"

"ಹನ್ನೆರಡು ವರ್ಷ ತಪಸ್ಸು ಮಾಡ್ತಾಳೆ. ನಿನಗೆಲ್ಲಿದೆ ಅಷ್ಟು ಪುರುಸೊತ್ತು? ಎದ್ದು ಏನಾದ್ರೂ ಕೆಲಸಕ್ಕೆ ಬರೋದು ಮಾಡು."

ಮಾಡಿದೆ. ಸಂಜೆ ಆರಕ್ಕೆ ನಾನೇ ಆ ನಂಬರ್ ಒತ್ತಿದೆ. ನನ್ನ ಬಸ್ ನಿಲ್ಲುವುದೂ ಹಿಂದಿನ ಗೇಟಿನಲ್ಲೇ. ದಿನಾ ಕರೆದರೆ ದಿನಕ್ಕೊಂದು ನಡಿಗೆಯಾದರೂ ಲೆಕ್ಕಕ್ಕೆ ಸೇರುತ್ತದಲ್ಲ ಎಂಬುದು ನನ್ನ ಉಪಾಯ.

ಬಂದವನು ಅವನೇ.

ಆ ದಾರಿ ಹನ್ನೊಂದು ನಿಮಿಷದ್ದು. ಲೈಬ್ರರಿ ದಾಟಿ, ಈಜುಕೊಳದ ಬೇಲಿ ಬಳಸಿ, ಕೆಮಿಸ್ಟ್ರಿ ಲ್ಯಾಬಿನ ಹಿಂದಿನಿಂದ ಹಾಸ್ಟೆಲ್ ಗೋಡೆಗುಂಟ ಹೋಗಬೇಕು. ಅವನು ಟಾರ್ಚಿನ ಬೆಳಕನ್ನು ನನ್ನ ಪಾದಕ್ಕಿಂತ ಒಂದು ಹೆಜ್ಜೆ ಮುಂದೆ ಚೆಲ್ಲುತ್ತಿದ್ದ. ಒಮ್ಮೆಯೂ ಮುಖದ ಮೇಲೆ ಬಿಡಲಿಲ್ಲ. ಪ್ರತಿ ದೀಪದ ಕಂಬದ ಕೆಳಗೂ ಒಂದು ಗಳಿಗೆ ನಿಂತು ತಲೆಯೆತ್ತಿ ಬಲ್ಬು ನೋಡುತ್ತಿದ್ದ.

ಮೌನ ನನಗೆ ಆಗಿಬರುವುದಿಲ್ಲ. ಎರಡನೇ ಕಂಬದ ಹತ್ತಿರ ಅಜ್ಜಿಯ ಕತೆ ಶುರುಮಾಡಿದೆ. ಮಾತೇ ಆಡದ ರಾಜಕುಮಾರಿಯೊಬ್ಬಳು ಕಾಡು ದಾಟುವ ಕತೆ.

"ಕತೆಗೆ ಹೂಂಗುಟ್ಟಬೇಕು," ಅಂದೆ. "ಹೂಂ ನಿಂತ್ರೆ ಕತೇನೂ ನಿಲ್ಲತ್ತೆ. ನಮ್ಮಜ್ಜಿ ಕಾನೂನು."

"ಹೂಂ," ಅಂದ ಅವನು, ಹೊಸ ನಿಯಮವೊಂದನ್ನು ಬರೆದುಕೊಳ್ಳುವವನ ಗಾಂಭೀರ್ಯದಲ್ಲಿ. ಸ್ವಲ್ಪ ದೂರ ನಡೆದು, "ಒಂದು ಡೌಟು. ಆ ರಾಜಕುಮಾರಿ ಕಾಡಿಗೆ ಹೋಗೋವಾಗ ಯಾರಿಗೂ ಯಾಕೆ ಹೇಳಿಲ್ಲ? ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ಒಬ್ಬರಿಗಾದ್ರೂ ತಿಳಿಸಿರ್ಬೇಕು."

"ಅವಳು ಮಾತಾಡಲ್ಲ ಅಂದ್ನಲ್ಲ!"

"ಚೀಟಿ ಬರೆದಿಡಬಹುದಿತ್ತು."

ನಾನು ಜೋರಾಗಿ ನಕ್ಕೆ. ಟಾರ್ಚಿನ ಬೆಳಕು ದಾರಿಯ ಮೇಲೆ ಒಂದಿಷ್ಟು ಅಲುಗಿತು.

ಅಷ್ಟರಲ್ಲಿ ಬಸ್ ಬಂತು. ರಾಜಕುಮಾರಿ ಕಾಡಿನಲ್ಲೇ ಉಳಿದಳು.

ಹಾಗೆ ದಿನಗಳು ಹೋದವು. ಪ್ರತಿ ಸಂಜೆ ನಾನು ಕರೆಯಲು ಒಂದು ಕಾರಣ ಹೊಂದಿಸಿಕೊಂಡಿರುತ್ತಿದ್ದೆ. ಚೀಲ ಭಾರ, ಲ್ಯಾಬಿನ ಹಿಂದೆ ನಾಯಿಗಳಿವೆ, ಕಾಲು ಉಳುಕಿದೆ. ಅವನು ಒಂದನ್ನೂ ಕೇಳಲಿಲ್ಲ. ಉಳುಕಿದ ಮರುದಿನ ಮಾತ್ರ, "ನಿನ್ನೆ ಎಡಗಾಲು ಕುಂಟ್ತಾ ಇದ್ರಿ. ಇವತ್ತು ಬಲಗಾಲು," ಅಂದು ಮುಂದೆ ನೋಡುತ್ತ ನಡೆದ. ಅವನ ಕೆನ್ನೆಯ ಅಂಚಿನಲ್ಲಿ ನಗು ಇದ್ದುದನ್ನು ಕಂಬದ ಬೆಳಕು ನನಗೆ ತೋರಿಸಿಕೊಟ್ಟಿತು.

ಇನ್ನೊಂದು ದಿನ ಈಜುಕೊಳದ ಬೇಲಿಯ ಬಳಿ ತಡವರಿಸುತ್ತ ಹೇಳಿದ. "ಓಲೆ ನೋಡಿ ಈಜು ಕ್ಲಾಸಿಗೆ ಹೆಸರು ಕೊಟ್ಟೆ."

"ನಿಮಗೆ ಈಜು ಬರಲ್ವಾ? ಕೊಳದ ಗೋಡೆ ಮೇಲಿರೋ ಹದಿನಾಲ್ಕು ಎಚ್ಚರಿಕೆ ಬರೆದಿದ್ದು ನೀವೇ ಅಲ್ವಾ?"

"ಭಯ ಇದ್ದಿದ್ದಕ್ಕೇ ಅಷ್ಟು ಬರೆದೆ. ಈಜು ಬರೋರಾಗಿದ್ರೆ ಎರಡಕ್ಕೆ ಮುಗಿಸೋರು." ಸ್ವಲ್ಪ ತಡೆದು, "ಬ್ಯಾಚಿನಲ್ಲಿ ಉಳಿದೋರೆಲ್ಲ ಎಂಟು ವರ್ಷದ ಮಕ್ಕಳು. ನನ್ನನ್ನ ಅಂಕಲ್ ಅಂತಾರೆ."

ಕಂಬದ ಕೆಳಗೆ ಬಂದೆವು. ಎಂದಿನಂತೆ ತಲೆಯೆತ್ತಿ ಬಲ್ಬು ನೋಡಿದ. ಆಮೇಲೆ ತಲೆ ತಗ್ಗಿಸಿ ನನ್ನ ಮುಖವನ್ನು ನೋಡಿದ, ಬಲ್ಬನ್ನು ನೋಡಿದಷ್ಟೇ ಹೊತ್ತು, ಅಷ್ಟೇ ಶ್ರದ್ಧೆಯಿಂದ.

ಆ ರಾತ್ರಿ ಅಜ್ಜಿ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. "ಹುಡುಗ ಹೂಂಗುಟ್ತಾನಾ?"

"ಯಾವ ಹುಡುಗ?"

"ಹದಿನೈದು ದಿನದಿಂದ ಬೇರೆ ಏನಾದ್ರೂ ಮಾತಾಡಿದೀಯಾ ನೀನು? ಹೇಳು, ಬಾಯಿ ಮಾತಿಗೆ ಹೂಂ ಅಂತಾನೋ, ಕೇಳಿಸಿಕೊಂಡು ಅಂತಾನೋ?"

"ಕೇಳಿಸಿಕೊಂಡು," ಅಂದೆ. ಅಂದಮೇಲೆ ನನಗೇ ಗೊತ್ತಾಯಿತು, ನನ್ನ ಕತೆ ಕೈತಪ್ಪಿದೆ ಎಂದು.

ಆದರೆ ಅವನು? ಫೋನ್ ಮಾಡಿದರೆ ಬರುವುದು ಅವನ ಕೆಲಸ. ಯಾರು ಕರೆದರೂ ಬಂದಾನು. ಯಾರ ಪಾದದ ಮುಂದಾದರೂ ಅದೇ ಬೆಳಕು ಚೆಲ್ಲಿಯಾನು. ತಿಂಗಳು ಮುಗಿದು ಸೇವೆ ನಿಂತರೆ ಅವನನ್ನು ಕರೆಯಲು ನನ್ನಲ್ಲಿ ಸುಳ್ಳು ಕಾರಣವೂ ಉಳಿಯುವುದಿಲ್ಲ.

ತಿಂಗಳು ಮುಗಿಯಲು ಎಂಟು ದಿನವಿತ್ತು. "ಇಲ್ಲೀವರೆಗೂ ಎಷ್ಟು ನಡಿಗೆ ಆಗಿದೆ ಕೇಳ್ಕೊಂಡು ಬಾ, ಓಲೇಲಿ ಹಾಕೋಣ," ಎಂದು ಮೇಡಂ ನನ್ನನ್ನು ಸೆಕ್ಯೂರಿಟಿ ರೂಮಿಗೆ ಅಟ್ಟಿದರು. ನನ್ನವೇ ಹನ್ನೆರಡು ಆಗಿದ್ದವು. ಉಬ್ಬಿಕೊಂಡೇ ಹೋದೆ.

ರೂಮಿನಲ್ಲಿದ್ದವರು ಸಂಜೆ ಪಾಳಿಯ ಹಿರಿಯ ಗಾರ್ಡ್. ಇಡೀ ಕ್ಯಾಂಪಸ್ಸು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತದೆ. ರಿಜಿಸ್ಟರ್ ತೆರೆದು ಕೊಟ್ಟರು. ವೇಳೆ, ಎಲ್ಲಿಂದ, ಎಲ್ಲಿಗೆ, ಕಾರಣ ಎಂದು ನಾಲ್ಕು ಕಾಲಂ. ಒಟ್ಟು ಒಂಬತ್ತು ಸಾಲು.

ನನ್ನದು ಒಂದೂ ಇರಲಿಲ್ಲ.

"ದೊಡ್ಡಪ್ಪ, ನಾನು ದಿನಾ ಕರೆದಿದೀನಿ, ಹನ್ನೆರಡು ಸಲ! ನಿಮ್ಮ ಟಾರ್ಚ್ ಸಾರ್ ಬರೆದೇ ಇಲ್ವಲ್ಲ?"

ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. "ಅವನು ಹೇಗೆ ಬರೀತಾನಮ್ಮಾ? ಅವನ ಡ್ಯೂಟಿ ಐದೂವರೆಗೇ ಮುಗಿಯತ್ತೆ. ಸಂಜೆ ನಡೆಯೋ ಕೆಲಸ ನಂದು. ಆರು ಗಂಟೆಗೆ ಫೋನ್ ರಿಂಗಾದ್ರೆ ಸಾಕು, ನನ್ನ ಕೈ ಮುಟ್ಟೋಕೆ ಮುಂಚೆ ಎತ್ತಿಬಿಡ್ತಾನೆ. ನೀವು ಕೂತ್ಕೊಳಿ, ನಿಮ್ಮ ಮಂಡಿ ನೋವು ಅಂತಾನೆ. ನನಗೆ ಮಂಡಿ ನೋವೇ ಇಲ್ಲ."

ಆಗಲೇ ಫೋನ್ ರಿಂಗಾಯಿತು. ದೊಡ್ಡಪ್ಪ ಎತ್ತಿ, "ಲ್ಯಾಬ್ ಹತ್ರಾನಾ? ಬರ್ತೀನಮ್ಮಾ. ಕಾರಣ ಏನಂತ ಬರ್ಕೊಳ್ಲಿ?" ಅಂದರು. ಆ ಕಡೆಯಿಂದ ಹುಡುಗಿಯೊಬ್ಬಳು ಏನೋ ತೊದಲಿ ಫೋನ್ ಇಟ್ಟುಬಿಟ್ಟಳು. "ನೋಡು, ಹೀಗೇ," ಎಂದು ದೊಡ್ಡಪ್ಪ ಎದ್ದರು. "ಕಾರಣ ಕೇಳಿದ್ರೆ ಬೇಡ ಬಿಡಿ ಅಂತಾರೆ. ಯಾವುದಕ್ಕೂ ನೋಡ್ಕೊಂಡು ಬರ್ತೀನಿ."

ಅವರು ಹೊರಟಾಗ ಬಾಗಿಲಲ್ಲಿ ಅವನು ನಿಂತಿದ್ದ. ತೆರೆದ ರಿಜಿಸ್ಟರ್, ನನ್ನ ಮುಖ, ಎರಡನ್ನೂ ನೋಡಿದ. ದೊಡ್ಡಪ್ಪ ಅವನ ಭುಜ ತಟ್ಟಿ, "ಹನ್ನೆರಡನ್ನೂ ನಾನೇ ನಡೆದೆ ಅಂತ ಬರೆದುಬಿಡ್ಲೇನೋ? ಇಪ್ಪತ್ತೊಂದಾಗತ್ತೆ. ಉಳಿದ ಒಂಬತ್ತು ಹೇಗೋ ಆಗ್ತವೆ," ಅಂದರು.

ಉತ್ತರಕ್ಕೆ ಕಾಯದೆ ದೊಡ್ಡಪ್ಪ ಹೋದರು.

"ಯಾಕೆ ಬರೀಲಿಲ್ಲ?" ಅಂದೆ. "ನಾನು ಕರೀತಾ ಇದ್ದಿದ್ದೇ ಲೆಕ್ಕಕ್ಕೆ ಸೇರಲಿ ಅಂತ."

"ಗೊತ್ತಿತ್ತು."

"ಎರಡು ವರ್ಷ ಓಡಾಡಿದ್ದು ನೀವು. ನಿಂತೋದ್ರೆ?"

ಅವನು ಟಾರ್ಚ್ ತೆಗೆದು ಮೇಜಿನ ಮೇಲಿಟ್ಟ. ಅದಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಮೊದಲನೇ ದಿನ ಬರೆಯೋಕೇಂತ ಪೆನ್ ತಗೊಂಡೆ. ಡ್ಯೂಟಿ ಅಂತ ಬರೆದ್ರೆ ಸುಳ್ಳಾಗತ್ತೆ ಅನ್ನಿಸ್ತು. ಕಾರಣ ಅಂತ ಬೇರೆ ಒಂದು ಕಾಲಂ ಇದೆಯಲ್ಲ." ನೆಲ ನೋಡುತ್ತ ಹೇಳಿದ. "ನಿಮ್ಮ ಕಾರಣ ನಂಗೆ ಗೊತ್ತಿತ್ತು. ನಂದನ್ನ ಅಲ್ಲಿ ಬರೆಯೋ ಹಾಗಿರಲಿಲ್ಲ."

ದೊಡ್ಡಪ್ಪನ ಮಾತು ಕಿವಿಯಲ್ಲೇ ಇತ್ತು. ಒಂದು ಪೆನ್ನು, ಹನ್ನೆರಡು ಸಾಲು, ಅರ್ಧ ಕಷ್ಟ ಪರಿಹಾರ. ಆದರೆ ಉಳುಕದ ನನ್ನ ಕಾಲು, ಅಲುಗಿದ ಬೆಳಕು, ಕಂಬದ ಕೆಳಗಿನ ಆ ಒಂದು ಗಳಿಗೆ, ಎಲ್ಲವೂ ದೊಡ್ಡಪ್ಪನ ಹೆಸರಿನಲ್ಲಿ ಡ್ಯೂಟಿಯಾಗಿಬಿಡುತ್ತವೆ. ನಾನು ರಿಜಿಸ್ಟರನ್ನು ಮುಚ್ಚಿದೆ.

"ಬರೆಯೋದು ಬೇಡ. ಅವು ನಮ್ಮವು."

ಅವನು ಫಕ್ಕನೆ ತಲೆಯೆತ್ತಿದ.

"ಇನ್ನೂ ಇಪ್ಪತ್ತೊಂದು ಬೇಕು. ನಿಜವಾದ ಇಪ್ಪತ್ತೊಂದು," ಅಂದೆ. "ಆ ಕಾರಣದ ಕಾಲಂ ತೆಗೀರಿ. ಭಯ ಆಗತ್ತೆ ಅಂತ ಬಾಯಿಬಿಟ್ಟು ಹೇಳೋಕೆ ಯಾವ ಹುಡುಗಿಗೆ ಮನಸ್ಸು ಬರತ್ತೆ? ನನಗೆ ನೀವು ಒಂದಿನಾನೂ ಕೇಳ್ಲಿಲ್ಲ. ಅದಕ್ಕೇ ನಾನು ದಿನಾ ಕರೆದೆ."

"ಆ ಕಾಲಂ ಹಾಕಿದ್ದು ನಾನೇ," ಅಂದ, ಪೆಚ್ಚಾಗಿ. "ಕಮಿಟಿಗೆ ಅಚ್ಚುಕಟ್ಟಾಗಿ ಕಾಣ್ಲಿ ಅಂತ."

"ಸರಿ ಹೋಯ್ತು. ನಾನು ಚೆಂದಕ್ಕೆ ನಂಬರ್ ತೆಗೆದೆ, ನೀವು ಚೆಂದಕ್ಕೆ ಕಾಲಂ ಹಾಕಿದ್ರಿ."

ಅವನು ನಕ್ಕುಬಿಟ್ಟ. ಕಂಬದ ಬೆಳಕಿನ ಹಂಗಿಲ್ಲದೆ ಅವನ ಪೂರ್ತಿ ನಗು ನೋಡಿದ್ದು ಅದೇ ಮೊದಲು. ಆಮೇಲೆ ಸ್ಕೇಲು ತೆಗೆದು, ನಾಲ್ಕನೆಯ ಕಾಲಂ ಮೇಲೆ ನೇರವಾಗಿ ಗೆರೆ ಎಳೆದ.

ಆ ಸೋಮವಾರದ ಓಲೆಯಲ್ಲಿ ಮೊದಲ ಸಾಲೇ ನಂಬರ್, ಕಣ್ಣಿಗೆ ಹೊಡೆಯುವಷ್ಟು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಎರಡೇ ಮಾತು: 'ಫೋನ್ ಮಾಡಿ, ಜೊತೆಗೆ ಬರುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.' ಹೂವಿಲ್ಲ, ಎಲೆಯಿಲ್ಲ. ಮೇಡಂ ಎರಡು ಸಲ ಓದಿ, "ಹುಷಾರಾಗಿದೀಯಾ ತಾನೇ?" ಎಂದು ಕೇಳಿದರು.

ಸೋಮವಾರ ಮೂವರು ಕರೆದರು. ಮಂಗಳವಾರ ಐವರು. ಆಮೇಲೆ ದೊಡ್ಡಪ್ಪನಿಗೆ ಕೂರಲು ಬಿಡುವೇ ಸಿಗಲಿಲ್ಲ. ತಿಂಗಳ ಕೊನೆಯ ದಿನ ರಿಜಿಸ್ಟರಿನಲ್ಲಿ ಮೂವತ್ತನಾಲ್ಕು ಸಾಲುಗಳಿದ್ದವು. "ಈಗ ನಿಜಕ್ಕೂ ಮಂಡಿ ನೋವು ಬಂತು," ಎಂದು ದೊಡ್ಡಪ್ಪ ನಮ್ಮಿಬ್ಬರನ್ನೂ ಬೈದರು. ಸೇವೆ ಮುಂದುವರಿಯಲಿ, ಸಂಜೆ ಪಾಳಿಗೆ ಇನ್ನೊಬ್ಬರನ್ನು ಹಾಕಿ ಎಂದು ಕಮಿಟಿ ಬರೆದು ಕಳಿಸಿತು.

ಆ ಸಂಜೆ ನಾನು ಫೋನ್ ಮಾಡಲಿಲ್ಲ. ಲೈನ್ ಬೇರೆಯವರಿಗೆ ಬೇಕು. ಚೀಲ ಏರಿಸಿಕೊಂಡು ಹೊರಬಂದರೆ, ಮೆಟ್ಟಿಲ ಕೆಳಗೆ ಅವನು ನಿಂತಿದ್ದ. ತಲೆಗೂದಲು ಒದ್ದೆ. ಈಜು ಕ್ಲಾಸಿನಿಂದ ನೇರ ಬಂದಿದ್ದ.

"ಇವತ್ತು ಮುಳುಗಲಿಲ್ಲ," ಎಂದು ವರದಿ ಒಪ್ಪಿಸಿದ.

"ಡ್ಯೂಟಿ?"

"ಐದೂವರೆಗೇ ಮುಗೀತು."

ನಡೆದೆವು. ಇಷ್ಟು ದಿನ ಕೆಟ್ಟಿದ್ದ ಮೂರನೇ ಕಂಬದ ದೀಪವೂ ಆ ದಿನ ಹತ್ತಿಕೊಂಡಿತ್ತು. ದಾರಿಯುದ್ದಕ್ಕೂ ಬೆಳಕಿದ್ದರೂ ಅವನು ಟಾರ್ಚ್ ಆರಿಸಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಬಸ್ ಬಂತು. ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಇಬ್ಬರೂ ಅದನ್ನು ನೋಡದವರಂತೆ ನೋಡಿದೆವು.

"ಆ ರಾಜಕುಮಾರಿ ಕಾಡು ದಾಟಿದ ಮೇಲೆ ಏನಾಯ್ತು?" ಕೇಳಿದ. "ಪ್ರತಿ ಸಲ ಬಸ್ ಬಂತು ಅಂತ ನಿಲ್ಲಿಸಿಬಿಡ್ತೀರಿ."

"ಜೊತೆಗೆ ಬಂದವನು ಏನೋ ಕೇಳ್ತಾನೆ. ಅದುವರೆಗೂ ಅವಳು ಬಾಯಿಬಿಡಲ್ಲ."

"ಏನ್ ಕೇಳ್ತಾನೆ?"

"ಅದು ಅವನಿಗೇ ಹೊಳೀಬೇಕು."

ಅವನು ಟಾರ್ಚನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿದ. ಸುರಕ್ಷತಾ ಸೂಚನೆ ಬರೆಯುವ ಮುಂಚೆ ಹೀಗೇ ಯೋಚಿಸುತ್ತಾನೇನೋ. ಕೊನೆಗೆ ಟಾರ್ಚ್ ಆರಿಸಿ ಪಕ್ಕಕ್ಕಿಟ್ಟ. ಈ ಸಲ ಅವನ ಕೈಗೆ ಎಲ್ಲಿರಬೇಕೆಂದು ಗೊತ್ತಿತ್ತು. ನನ್ನ ಬೆರಳುಗಳ ಮೇಲೆ ಬಂದು ಕೂತಿತು, ಇನ್ನೂ ನೀರಿನ ತಂಪು ಆರದೆ.

"ದಾರಿ ಹನ್ನೊಂದು ನಿಮಿಷಕ್ಕಿಂತ ಉದ್ದ ಆದ್ರೆ... ಅಂದ್ರೆ, ತುಂಬಾನೇ ಉದ್ದ ಆದ್ರೆ, ವರ್ಷಗಟ್ಟಲೆ ಅಂತಿಟ್ಕೊಳಿ... ಆಗ್ಲೂ ನನ್ನ ಜೊತೆ ನಡೀತೀರಾ?"

ಇಷ್ಟು ದಿನ ಕತೆ ಹೇಳುವುದು ನನ್ನ ಪಾಲು, ಹೂಂಗುಟ್ಟುವುದು ಅವನ ಪಾಲಾಗಿತ್ತು. ಇವತ್ತು ಹೇಳುವವನು ಅವನು. ನಾನು ಹೂಂಗುಟ್ಟದಿದ್ದರೆ ಕತೆ ಇಲ್ಲೇ ನಿಂತುಹೋಗುತ್ತದೆ. ಅಜ್ಜಿಯ ಕಾನೂನು.

"ಹೂಂ," ಅಂದೆ.