ಕೈ ಎತ್ತದ ಹುಡುಗಿ

‘ಇವತ್ತೂ ಬಸ್ಸಿಗೆ ಕೈ ಅಡ್ಡ ಹಿಡಿಯಲು ಆಗಲಿಲ್ಲ. ಡಿಗ್ರಿ ಮುಗಿಸಿದವಳಿಗೆ ಇಷ್ಟೂ ಬಾರದೆಂದರೆ ಯಾರಿಗೆ ಹೇಳಲಿ...’

ರಶೀನಾ ಅಂದು ಡೈರಿಯಲ್ಲಿ ಹೀಗೆ ಬರೆದಿದ್ದಳು. ವೇಣೂರಿನಲ್ಲಿ ಮೂಡುಬಿದಿರೆಯ ಎಕ್ಸ್‌ಪ್ರೆಸ್ ಬಸ್ಸು ಕೈ ತೋರಿಸದವರಿಗೆ ನಿಲ್ಲುವುದಿಲ್ಲ. ಅಂದೂ ದಾಟಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಅವಳ ಪಕ್ಕದಿಂದ ಒಂದು ಕೈ ರಸ್ತೆಗೆ ಚಾಚಿತು.

“ಕೈ ತೋರಿಸದಿದ್ದರೆ ನಮಗೇನು ಕನಸು ಬೀಳ್ತದಾ?” ಕಂಡಕ್ಟರ್ ರೇಗಿದ.

“ಬೈಬೇಡ ಮಾರಾಯ, ನಿಂತದ್ದು ಕಾಣ್ಲಿಲ್ವಾ?” ಎಂದ ಕೈ ಚಾಚಿದವನು.

ಅವನೇ ಇರ್ಷಾದ್. ಅವಳು ಸೇರಲು ಹೊರಟಿದ್ದ ಮೂಡುಬಿದಿರೆಯ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದ.

ಅದು 2003. ಬಿಡುವಿನಲ್ಲಿ ಅವನೊಂದು ಗೇಮ್ ಕಟ್ಟುತ್ತಿದ್ದ. ಚಿಕ್ಕಂದಿನ ಟಿವಿ ಗೇಮುಗಳಂತೆ ಚೌಕ ಚೌಕದ ಚಿತ್ರಗಳು, ಪಕ್ಕಕ್ಕೆ ಸರಿಯುವ ರಸ್ತೆ, ಬಸ್ಸಿನಿಂದ ಬಸ್ಸಿಗೆ ಹಾರಿ ಕಳ್ಳರನ್ನು ಹೊಡೆದುರುಳಿಸುವ ಕೆಂಪಂಗಿಯ ಕಂಡಕ್ಟರ್. ಚಿತ್ರ ಬರೆಯುವ ಕೆಲಸ ರಶೀನಾಳ ಪಾಲಿಗೆ ಬಂತು. ಆ ಅಂಗಿಯ ಅಂಚು ಗಾಳಿಗೆ ಹಾರಲೆಂದು ಒಂದೊಂದೇ ಚುಕ್ಕೆ ತಿದ್ದಿದಳು. ಅವನು ಪಕ್ಕದಲ್ಲಿ ಕೂತರೆ ಮಾತ್ರ ಅವಳ ಮೌಸು ತಪ್ಪುತ್ತಿತ್ತು.

ಹೀಗೆ ತಿಂಗಳುಗಳು ಕಳೆದವು. ಇಂದು ಗೇಮ್ ಮುಗಿಯಬೇಕಿತ್ತು.

“ಬೇಗ ಮುಗಿಸು ಮಾರಾಯ,” ಎಂದ ಸೆಂಟರಿನ ಮಾಲಕ ಸುಧಾಕರ, ಇರ್ಷಾದ್‌ನತ್ತ ನೋಡಿ. “ನಾಳೆ ನಿನ್ನ ಅಮ್ಮ ಮೆಲ್ಕಾರಿನ ಹುಡುಗಿಯ ಮನೆಗೆ ಮದುವೆಯ ಮಾತು ಕೊಡ್ಲಿಕ್ಕೆ ಹೋಗ್ತಾರಂತೆ. ಮತ್ತೆ ನಿನ್ನ ಹೀರೋ ಬಸ್ಸಿನ ಮೇಲೆಯೇ ಮುದುಕ ಆಗ್ತಾನೆ.” ನಗುತ್ತ ಹೊರಗೆ ಹೋದ.

ರಶೀನಾ ಮೌಸು ಬಿಟ್ಟಳು. ‘ನಾಳೆ... ಯಾಕೆ ನನಗೆ ಹೇಳಲಿಲ್ಲ?’

“ಗೇಮಿನ ಕೊನೆಯ ಹಂತ ನೋಡುವ,” ಎಂದ ಇರ್ಷಾದ್, ಅವಳ ಮುಖ ನೋಡದೆ.

ಪರದೆಯಲ್ಲಿ ಕಂಡಕ್ಟರ್ ಕೊನೆಯ ಬಸ್ಸಿಗೆ ಹಾರಿದ. ವೇಣೂರಿನ ಸ್ಟಾಪು ಬಂತು. ಹಳದಿ ಶಾಲಿನ ಹುಡುಗಿ ಕೈಕಟ್ಟಿ ನಿಂತಿದ್ದಳು. ರಶೀನಾ ತನ್ನನ್ನೇ ನೆನೆದು ಬರೆದ ಹುಡುಗಿ.

ಬಸ್ಸು ನಿಲ್ಲಲಿಲ್ಲ. ಹುಡುಗಿ ಅಂಚಿಗೆ ಸರಿದು ಮಾಯವಾದಳು.

‘ಹಾಗಾದರೆ ಇದೇ ಇವನ ಉತ್ತರ...’

“ಚೆನ್ನಾಗಿ ಉಂಟು. ನಾನು ಹೋಗ್ತೇನೆ.” ಬ್ಯಾಗು ಎತ್ತಿಕೊಂಡಳು.

“ಎಂತ ಚೆನ್ನಾಗಿ? ಇದು ಮುಗಿಯುವುದೇ ಇಲ್ಲ. ಅವಳು ಕೈ ಎತ್ತಿದರೆ ಮಾತ್ರ ಬಸ್ಸು ನಿಲ್ತದೆ. ಕೈ ಎತ್ತಿದ ಚಿತ್ರ ಎಷ್ಟು ಸಲ ಕೇಳಿದೆ ನಾನು?”

“ಅವಳು ನಿಂತದ್ದು ಕಂಡರೆ ಸಾಲದಾ?”

“ಕಾಣ್ತದೆ. ಆದರೆ ಬಸ್ಸಿಗೆ ನಿಂತದ್ದಾ, ಸುಮ್ಮನೆ ನಿಂತದ್ದಾ... ಕಂಡಕ್ಟರಿಗೆ ಹೇಗೆ ಗೊತ್ತಾಗುವುದು?” ಅವನ ದನಿ ಇಳಿಯಿತು. “ಆ ದಿನ ನಿಮ್ಮ ಬದಲು ನಾನೇ ಬಸ್ಸಿಗೆ ಕೈ ಅಡ್ಡ ಹಿಡಿದೆ. ಇದಕ್ಕೆ ನಾನು ಹಿಡಿದರೆ ಆಗುವುದಿಲ್ಲ ರಶೀನಾ. ಮನಸ್ಸಿನಲ್ಲಿ ಯಾರಾದರೂ ಉಂಟಾ ಅಂತ ಉಮ್ಮ ಕೇಳಿದ್ದಾರೆ. ಸಂಜೆ ಉತ್ತರ ಹೇಳಬೇಕು.”

ಹೊರಗೆ ವೇಣೂರಿನ ಬಸ್ಸಿನ ಹಾರ್ನ್ ಕೇಳಿತು.

“ಬಸ್ಸು ಬಂತು. ಹೋಗಿ,” ಎಂದು ಅವನು ಬಾಗಿಲ ಕಡೆ ನಡೆದ.

‘ಈಗ ಬಾಯಿ ತೆರೆಯದಿದ್ದರೆ...’

ಅವಳ ಕೈ ಮೇಲೆದ್ದಿತು. ಅವನ ದಾರಿಗೆ ಅಡ್ಡವಾಗಿ ನಿಂತಿತು.

ಇರ್ಷಾದ್ ನಿಂತ. “ಎಂತ?”

“ಮೆಲ್ಕಾರಿಗೆ ಮಾತು ಕೊಡುವುದು ಬೇಡ.”

“ಉಮ್ಮ ಯಾಕೆ ಅಂತ ಕೇಳ್ತಾರೆ. ಎಂತ ಹೇಳಲಿ?”

ಹೊರಗೆ ಬಸ್ಸು ಹೊರಟು ಹೋಯಿತು. ಅವಳು ಕೈ ಇಳಿಸಲಿಲ್ಲ.

“ನನಗೆ ನೀವು ಬೇಕು.”