ಕ್ಲಾರಿನೆಟ್ ಮಾರೆಪ್ಪನ ಹೆಸರು

"ನೀವು ಕಾಲೇಜಿನವ್ರಲ್ಲ. ಒಳಗ ಬರ್ಲಿಕ್ಕೆ ಬರೂದಿಲ್ಲ."

ಮನೋರಮಾ ಹಾಗೆಂದರೂ ಬಾಗಿಲಲ್ಲಿ ನಿಂತವನು ಕದಲಲಿಲ್ಲ. ಬ್ಯಾಂಡಿನವರ ಕೆಂಪು ಕೋಟು ಮಡಚಿ ತೋಳಿಗೆ ಹಾಕಿಕೊಂಡಿದ್ದ.

"ಇಲ್ಲೇ ನಿಂತು ಕೇಳ್ತೇನ್ರಿ ಬಾಯಾರ. ಕ್ಲಾರಿನೆಟ್ ಎಲ್ಲಿ ಹುಟ್ಟಿತು ಅಂತ ಯಾವುದಾರ ಪುಸ್ತಕದಾಗ ಐತೇನ್ರಿ?"

ಶಿಗ್ಗಾಂವದ ಆ ಕಾಲೇಜಿನ ಗ್ರಂಥಾಲಯಕ್ಕೆ ಅವಳು ಬಂದು ಎರಡು ವರ್ಷವಾಗಿತ್ತು. ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತನ್ನ ಒರಟು ಮಾತಿಗೆ ತಾನೇ ನಾಚಿ ಅವಳು ಕಪಾಟು ಹುಡುಕಿದಳು. ಪಾಶ್ಚಾತ್ಯ ಸಂಗೀತದ ಇತಿಹಾಸದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು, ತುಂಬ ಚಿತ್ರಗಳಿದ್ದದ್ದು.

ಅವನು ಚಿಕ್ಕೇರೂರಿನ ಮಾರೆಪ್ಪ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹಿರೇಕೆರೂರಿನ ಮದುವೆ ಬ್ಯಾಂಡಿನಲ್ಲಿ ಹತ್ತು ವರ್ಷದಿಂದ ಕ್ಲಾರಿನೆಟ್ ಊದುತ್ತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲ.

"ಓದಿ ಹೇಳ್ತೇನಿ. ಗುರುವಾರ ಬರ್ರಿ" ಎಂದಳು ಮನೋರಮಾ.

ಅದು ೧೯೭೯. ಗುರುವಾರ ಬಂದಾಗಲೆಲ್ಲ ಗ್ರಂಥಾಲಯದ ಪಡಸಾಲೆಯ ಬೆಂಚಿನ ಮೇಲೆ ಅವಳು ಓದಿದಳು, ಅವನು ಕೇಳಿದ. ಸುಮಾರು ೧೭೦೦ರ ಹೊತ್ತಿಗೆ ಜರ್ಮನಿಯ ಕುಶಲಕರ್ಮಿಯೊಬ್ಬ ಶಲುಮೊ ಎಂಬ ಸಣ್ಣ ಕೊಳವೆಗೆ ಹೊಸ ಕೀಲಿಗಳನ್ನು ಕೂಡಿಸಿದ್ದು, ಅದರಿಂದ ಕ್ಲಾರಿನೆಟ್ ಹುಟ್ಟಿದ್ದು... ಹಳೆಯ ತುತ್ತೂರಿಗೆ ಒತ್ತುಗುಂಡಿಗಳೇ ಇರಲಿಲ್ಲವೆಂದು ಓದಿದಾಗ ಅವನು ತುಟಿ ಬಿಗಿದು ತೋರಿಸಿದ.

"ಅವಾಗ ಸ್ವರ ಎಲ್ಲಾ ತುಟಿಯಾಗ ಹುಡುಕಬೇಕ್ರಿ."

ಬಯಲಲ್ಲಿ ಊದುವ ಶಾಮ್ ಎಂಬ ವಾದ್ಯ ನಮ್ಮ ಸನಾದಿಯ ನೆಂಟ. ಫ್ರಾನ್ಸಿನ ಅರಮನೆಯೊಳಗೆ ನುಡಿಸಲು ಅದನ್ನೇ ಮೆದು ಮಾಡಿ ಓಬೋ ಮಾಡಿದರು.

"ಒಳಗ ಕರ್ಕೊಂಡ್ರು. ಆದ್ರ ದನಿ ಸಣ್ಣ ಮಾಡಿ" ಎಂದು ಮಾರೆಪ್ಪ ನಕ್ಕ.

ಆ ಮಾತನ್ನೂ ಅವಳು ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಲೇಖನವಾಯಿತು. ವಿಷಯ ಪುಸ್ತಕದ್ದು, ಜೀವ ಅವನದು.

ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಅವಳು ಅದನ್ನು ಓದಿದಳು, ಅವನು ನುಡಿಸಿ ತೋರಿಸಿದ. ಸವಣೂರಿನಿಂದ ಬಂದ ಅವಳ ತಂದೆ ರಾಘವೇಂದ್ರರಾಯರು ಮೊದಲ ಸಾಲಿನಲ್ಲಿ ಕೂತಿದ್ದರು. ವೇದಾಂತ ಓದಿಕೊಂಡ ಮನುಷ್ಯ.

"ಇಷ್ಟೆಲ್ಲಾ ಯಾರು ಹೇಳಿಕೊಟ್ರವಾ?" ಎಂದು ಎಲ್ಲರೆದುರು ಕೇಳಿದರು.

"ನಾನೇ ಓದಿ ಬರದೇನಿ ಅಪ್ಪಾ."

"ಮತ್ತ ಇವ್ರು?"

ಅವಳು ತಂದೆಯ ಮುಖವನ್ನೇ ನೋಡಿದಳು. 'ಈಗ ನಾನು ಅವನತ್ತ ನೋಡಿದರೆ ಅಪ್ಪನಿಗೆ ಎಲ್ಲ ತಿಳಿದುಬಿಡುತ್ತದೆ...'

"ಬ್ಯಾಂಡಿನವ. ಊದ್ಲಿಕ್ಕೆ ಕರ್ಸಿದ್ದೆ."

ಮಾರೆಪ್ಪ ತಲೆ ತಗ್ಗಿಸಿದ. ವಾದ್ಯ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ನಡೆದುಬಿಟ್ಟ. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ.

ಲೇಖನ ಅವಳೊಬ್ಬಳ ಹೆಸರಿನಲ್ಲೇ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಯಾರಾದರೂ ಹೊಗಳಿದರೆ ಅವಳಿಗೆ ಕಳ್ಳಿ ಎಂದು ಕರೆದಂತಾಗುತ್ತಿತ್ತು. ಉಂಡ ಅನ್ನ ಮೈಗೆ ಹತ್ತಲಿಲ್ಲ.

ಕೊನೆಗೆ ಪ್ರಿನ್ಸಿಪಾಲರ ಮುಂದೆ ಹೋಗಿ ನಿಜ ಹೇಳಿದಳು. 'ಈ ಲೇಖನ ಚಿಕ್ಕೇರೂರಿನ ಮಾರೆಪ್ಪನವರ ಜೊತೆ ಕೂತು ಬರೆದದ್ದು' ಎಂದು ಮುನ್ನೂರು ಚೀಟಿ ಕೈಯಾರೆ ಬರೆದು ಪ್ರತಿ ಸಂಚಿಕೆಗೂ ಅಂಟಿಸಿದಳು. ಹಾನಗಲ್ಲು, ಸವಣೂರಿನ ಶಾಲೆಗಳಿಗೆ ಹೋದ ಪ್ರತಿಗಳನ್ನೂ ಬಿಡಲಿಲ್ಲ, ಬಸ್ಸು ಹಿಡಿದು ಹೋಗಿ ಅಂಟಿಸಿ ಬಂದಳು. ಎಲ್ಲಕ್ಕಿಂತ ಕಷ್ಟದ್ದು ಅಪ್ಪನ ಮುಂದೆ ಬಾಯಿಬಿಟ್ಟದ್ದು.

ಮರುದಿನ ಮುಂಜಾನೆ ಚಿಕ್ಕೇರೂರಿನಲ್ಲಿ ಇಳಿದಳು.

ಮಾರೆಪ್ಪನ ತಾಯಿ ಶಾರವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸದೆ ಹೇಳಿದಳು:

"ನೀವ ಏನ್ರಿ ಬಾಯಾರ? ನನ್ನ ಮಗ ಎರಡು ತಿಂಗಳಾತು ಆ ವಾದ್ಯ ಮುಟ್ಟಿಲ್ಲ. ಹಿತ್ತಲದಾಗ ಅದಾನ, ಹೋಗ್ರಿ."

ಮಾರೆಪ್ಪ ಮೇವಿನ ಸೂಡು ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ತಪ್ಪಾತು" ಎಂದಳು.

"ಬ್ಯಾಂಡಿನವ ಅಂದ್ರಿ. ಅದು ಖರೇನ ಐತಿ. ನಾಚಿಕಿಲೆ ಅಂದ್ರಿ ನೋಡ್ರಿ... ಅದಕ್ಕ ನೋವಾತು."

"ನಿಮ್ಮ ಬಗ್ಗೆ ನಾಚಿಕಿ ಅಲ್ಲ. ನನಗ ಅಂಜಿಕಿ ಬಂತು. ಗುರುವಾರ ಬಂತಂದ್ರ ನಾ ನಸುಕಿನಾಗ ಏಳ್ತಿದ್ದೆ. ಬಸ್ಸಿನ ಸಪ್ಪಳ ಆದ್ರ ಬಾಗಲಕ್ಕ ಬರ್ತಿದ್ದೆ. ಅಪ್ಪಗ ಅದು ತಿಳೀತದ ಅಂತ ಅಂಜಿ ನಿಮ್ಮನ್ನ ಸಣ್ಣವರನ್ನ ಮಾಡಿದೆ."

ಅವನು ಕೈಯಲ್ಲಿದ್ದ ಸೂಡನ್ನು ಕೆಳಗಿಟ್ಟ.

"ನಾನೂ ಬರೇ ಪುಸ್ತಕಕ್ಕ ಬರ್ತಿದ್ದಿಲ್ರಿ" ಎಂದ, ಮೆಲ್ಲಗೆ.

ಅವಳ ಕಣ್ಣು ತುಂಬಿ ಬಂತು.

"ನಿನ್ನೆ ಅಪ್ಪಗ ಎಲ್ಲಾ ಹೇಳಿದೆ. ನಿಮ್ಮ ಮ್ಯಾಲೆ ಮನಸ್ಸದ ಅನ್ನೂದನ್ನೂ."

"ಏನಂದ್ರು?"

"ಏನೂ ಅನ್ಲಿಲ್ಲ. ಎದ್ದು ಹೋಗಿ ಬಾಗಲಾ ಹಾಕ್ಕೊಂಡ್ರು. ಸಂಜೀಕೆ ಮತ್ತ ಹೋಗಿ ಅವ್ರ ಬಾಗಲದಾಗ ಕೂಡ್ತೇನಿ."

ಮಾರೆಪ್ಪ ಕೈ ತೊಳೆದುಕೊಂಡು ಗೂಟದಲ್ಲಿದ್ದ ಅಂಗಿ ತೊಟ್ಟ.

"ನಾನೂ ಬರ್ತೇನಿ."

"ಬ್ಯಾಡ. ನಿಮ್ಮನ್ನ ಬೈತಾರ."

"ಬೈಲಿ" ಎಂದು ಅವನು ಗುಂಡಿ ಹಾಕಿಕೊಂಡ. "ನೀವು ಒಬ್ಬರೇ ಕುಂತು ಬೈಸ್ಕೊಳ್ಳೂದು ಬ್ಯಾಡ."